ಸುಲೋಚನಾನ ಖೋಲಿ

ಕಾಕುವಿನ ಬಲಗೈ ತೋರುಬೆರಳಿನ ಮಡಿಕೆಯಲ್ಲಿ ಒಂದು ಸಣ್ಣ ಕಾಲುವೆ ಇತ್ತು. ಮೇಣ ಹಚ್ಚಿದ ದಾರವನ್ನು ಇಪ್ಪತ್ತು ಇಪ್ಪತ್ತೈದು ವರ್ಷ ಅದೇ ಜಾಗಕ್ಕೆ ಸುತ್ತಿ ಎಳೆದೆಳೆದು ಬಿದ್ದ ಕಾಲುವೆ. ಜೋಳದ ಕಾಳೊಂದನ್ನು ಅದರಲ್ಲಿಟ್ಟರೆ ಬೀಳದೆ ಕೂತಿರುತ್ತಿತ್ತು. ಕೂಡಿಸಿ ತೋರಿಸಿ ನಗುತ್ತಿದ್ದಳು ಸಹ.

ಆ ದಿನ ಅಂಗಳದಲ್ಲಿ ನಾವು ನಾಲ್ವರಿದ್ದೆವು. ಬಸವಕಲ್ಯಾಣದ ಕೋಟೆಯ ಹಿಂಬದಿಗೆ ಚಪ್ಪಲಿ ಹೊಲಿಯುವವರ ಓಣಿ, ಅದರ ಕೊನೆಯ ಮನೆ. ಕಾಕು ಅಂದರೆ ಓಣಿಗೆಲ್ಲ ಚಿಕ್ಕಮ್ಮ; ಅವಳ ಗಂಡ, ನಮಗೆಲ್ಲ ಕಾಕಾ, ಗೋಣಿತಟ್ಟಿನ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿ ಕೂತಿದ್ದ. ಕಾಕುವಿನ ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. ಮೋರಖಂಡಿಯಿಂದ ಬಂದು ಅಕ್ಕನ ಮನೆಯಲ್ಲೇ ಉಳಿದು ಭಾವನ ಜೊತೆ ದುಡಿಯುತ್ತಿದ್ದ ಇಪ್ಪತ್ತೆರಡರ ಹುಡುಗ ಅವನು. ಕಾಕು ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ನೋಡುತ್ತಿದ್ದಳು. ನಾಲ್ಕನೆಯವನು ನಾನು, ಕೈಯಲ್ಲಿ ಒಂದು ಕೋಳಿಪುಕ್ಕ.

"ಮುಟ್ಟಿದ್ದು ಗೊತ್ತಾದ ಕೂಡ್ಲೆ ಹ್ಞೂಂ ಅನ್ರಿ ಕಾಕಾ," ಅಂದು ಪುಕ್ಕದಿಂದ ಅವನ ಅಂಗಾಲು ಸವರಿದೆ. ಕಾಕಾ ಸುಮ್ಮನಿದ್ದ. ಹೆಬ್ಬೆರಳು ಸವರಿದೆ. ಸುಮ್ಮನಿದ್ದ. ಹಿಮ್ಮಡಿ, ಕಾಲಿನ ಮೇಲ್ಭಾಗ, ಗಿಣ್ಣು. ಬರೀ ಉಸಿರಾಟ ಕೇಳುತ್ತಿತ್ತು. ಏಳನೆಯ ಸಲ ಮುಟ್ಟಿ ಪುಕ್ಕ ತೆಗೆಯುವಷ್ಟರಲ್ಲಿ ಕಾಕಾ ಕಣ್ಣು ಮುಚ್ಚಿಕೊಂಡೇ ಹೇಳಿದ: "ಶುರು ಮಾಡ್ರಿ ಸಾಹೇಬ್ರ. ಯಾಕ ಸುಮ್ಮ ಕುಂತೀರಿ?"

ಕಾಕುವಿನ ಬಾಯಿಂದ ದಾರ ಜಾರಿ ಬಿತ್ತು.

ನನ್ನ ಕೆಲಸವೇನೆಂದು ಇಲ್ಲಿ ಹೇಳಿಬಿಡಬೇಕು. ಅವು ಎಪ್ಪತ್ತರ ದಶಕದ ಮೊದಲ ವರ್ಷಗಳು. ಊರೂರು ಮನೆಮನೆ ತಿರುಗಿ ಕುಷ್ಠರೋಗಿಗಳನ್ನು ಹುಡುಕಿ ಹೆಸರು ಬರೆದುಕೊಂಡು ಗುಳಿಗೆ ಕೊಡುವ ಸರ್ಕಾರಿ ಕೆಲಸಗಾರ ನಾನು. ಕೊಡಂಬಲದ ಹುಡುಗ. ಅಜ್ಜಿಯ ಮಡಿಲಲ್ಲಿ ಮಾತು ಕಲಿತವನು, ಮಂದಿಯನ್ನು ಮಾತಿನಲ್ಲಿ ಒಲಿಸಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ. ಚೀಲದಲ್ಲಿ ಒಂದು ಪುಕ್ಕ, ಒಂದು ಗುಂಡುಸೂಜಿ, ಒಂದು ದಪ್ಪ ರಜಿಸ್ಟರು. ಕಲ್ಯಾಣದ ಮಂದಿ ನನಗಿಟ್ಟ ಹೆಸರು ಸೂಜಿ ಸಾಹೇಬ. ನಮ್ಮ ಕಡೆ ಆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡ ರೋಗ ಅನ್ನುತ್ತಾರೆ. ಕೈಕಾಲಿಗೆ ಮುಟ್ಟಿದ್ದು ತಿಳಿಯದೆ ಹೋದರೆ ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಅದು ಅದೇ.

ಕಾಕುವಿನ ಪರಿಚಯ ಆದದ್ದು ನನ್ನ ಚಪ್ಪಲಿಯ ಉಂಗುಟ ಹರಿದಾಗ. ಬೇವಿನ ಮರದ ಕೆಳಗೆ ಕೂತು ಹೊಲಿಯುತ್ತಿದ್ದ ಆಕೆ ಚಪ್ಪಲಿ ಇಸಿದುಕೊಂಡು, "ಇನ್ನೊಂದೂ ಕೊಡ್ರಿ," ಅಂದಳು. ಇನ್ನೊಂದು ಹರಿದಿಲ್ಲವಲ್ಲ ಅಂದರೆ, "ಜೋಡ ಹಚ್ಚಿ ನೋಡದ ನಾ ಯಾವುದಕ್ಕೂ ಸೂಜಿ ಹಾಕಂಗಿಲ್ರಿ. ಒಂದು ಯಾಕ ಹರೀತು ಅಂತ ಎರಡನೇದು ಹೇಳ್ತದ." ಎರಡನ್ನೂ ಅಂಗೈಮೇಲಿಟ್ಟು ನೋಡಿ, "ಎಡಗಾಲ ಎಳದು ನಡೀತೀರಿ. ಸಣ್ಣವರಿದ್ದಾಗ ಗಿಡದ ಮ್ಯಾಲಿಂದ ಬಿದ್ದೀರೇನ್ರಿ?" ಅಂತ ಕೇಳಿದಳು. ನಾನು ಬಿದ್ದದ್ದು ಹುಣಸೆಮರದಿಂದ. ಅವತ್ತಿನಿಂದ ಆ ಅಂಗಳದಲ್ಲಿ ನನಗೊಂದು ಲೋಟ ಚಹಾ ಕಾಯಂ ಆಯಿತು.

ಯಾವ ಮಾತಿಗೂ ಅವಳದು ಅದೇ ತಕ್ಕಡಿ. ಓಣಿಯಲ್ಲಿ ಸೊಸೆಯ ಮೇಲೆ ಅತ್ತೆ ದೂರು ತಂದರೂ, "ಆಕೀನೂ ಕರೀರಿ, ಜೋಡ ಹಚ್ಚಿ ನೋಡೂಣು" ಅನ್ನುತ್ತಿದ್ದಳು. ಅತ್ತೆ ಮನೆಗೆ ಓಡುತ್ತಿದ್ದಳು.

ಮೊದಲು ಆ ಮನೆಯಲ್ಲಿ ಎಲ್ಲ ಚಪ್ಪಲಿಗೂ ಹೊಲಿಗೆಯೇ. ಆಮೇಲೆ ಪೇಟೆಯಲ್ಲಿ ರಬ್ಬರಿನ ತಳದ ಚಪ್ಪಲಿಗೆ ಗಿರಾಕಿ ಹೆಚ್ಚಿತು. ಅದನ್ನು ಅಂಟಿಸಬೇಕು. ಅಂಟು ಡಬ್ಬಿಯಲ್ಲಿ ಬರುತ್ತಿತ್ತು, ಅದನ್ನು ತೆಳು ಮಾಡಿಕೊಳ್ಳುವ ನೀರಿನಂಥ ಪದಾರ್ಥ ದೊಡ್ಡ ತಗಡಿನ ಡಬ್ಬದಲ್ಲಿ ಬೇರೆ ಬರುತ್ತಿತ್ತು. ಡಬ್ಬದ ಮೇಲೆ ಸಲ್ಯೂಷನ್ ಅಂತ ಇಂಗ್ಲಿಷಿನಲ್ಲಿ ಬರೆದದ್ದು ಅಂಗಡಿಯವನ ಬಾಯಲ್ಲಿ ಸುಲೇಶನ್ ಆಗಿ, ಕಾಕಾನ ಬಾಯಲ್ಲಿ ಸುಲೋಚನ ಆಗಿತ್ತು. ಕಾಕು ಬಿಡುತ್ತಾಳೆಯೆ?

"ನಮ್ಮವರಿಗೆ ಈ ವಯಸ್ಸಿನ್ಯಾಗ ಸುಲೋಚನಾ ಗಂಟಬಿದ್ದಾಳ್ರಿ. ಮುಂಜಾನೆದ್ದು ಆಕೀನ ಕೂಡ ಖೋಲ್ಯಾಗ ಹೋಗಿ ಬಾಗಲಾ ಹಾಕ್ಕೊಂಡ್ರ, ಊಟಕ್ಕ ಹೊರಗ ಬರಬೇಕು. ನನ್ನ ಸವತಿ ಆಕಿ. ಬಣ್ಣಿಲ್ಲ, ಮೈಯೆಲ್ಲಾ ನೀರು, ವಾಸನಿ ಮಾತ್ರ ಓಣಿ ತುಂಬ!"

ಒಳಗಿನಿಂದ ಕಾಕಾ ಕೂಗುತ್ತಿದ್ದ: "ಬಾಗಲಾ ಹಾಕ್ಕೊ ಅಂದಾಕಿ ನೀನ ಅಲ್ಲೇನ?"

ಅದೂ ನಿಜವೇ. ಆ ಪದಾರ್ಥಕ್ಕೆ ನಿಲ್ಲುವ ಗುಣವೇ ಇಲ್ಲ. ಬಟ್ಟಲಿಗೆ ಸುರಿದರೆ ನೋಡುನೋಡುತ್ತ ಅರ್ಧಕ್ಕಿಳಿಯುತ್ತಿತ್ತು. ಗಾಳಿ ಬಿದ್ದರೆ ಹಚ್ಚಿದ ಅಂಟು ಕೂಡುವ ಮೊದಲೇ ಒಣಗಿ ಹೊಪ್ಪಳೆ ಕಟ್ಟುತ್ತಿತ್ತು, ಕೋಟೆಯ ಕಡೆಯಿಂದ ಧೂಳು ಬಂದು ಕೂರುತ್ತಿತ್ತು. ಮೇಲಾಗಿ ಅದಕ್ಕೆ ಬೆಂಕಿಯ ಭಯ. ಹೊಸ್ತಿಲ ಹೊರಗೆ ಯಾರಾದರೂ ಬೀಡಿ ಹೊತ್ತಿಸಿದರೆ ಕಾಕು ದಬ್ಬಣ ಹಿಡಿದೇ ಏಳುತ್ತಿದ್ದಳು. ಹೀಗೆ ಗಾಳಿಗೆ, ಧೂಳಿಗೆ, ಕಿಡಿಗೆ ಹೆದರಿ ಆ ಮನೆಯವರು ಖೋಲಿಗೆ ಇದ್ದ ಒಂದೇ ಕಿಟಕಿಗೂ ತಗಡು ಹೊಡೆದಿದ್ದರು. ಕಾಕಾ ಮತ್ತು ಕಾಕುವಿನ ತಮ್ಮ ಇಬ್ಬರೂ ನೆಲದ ಮೇಲೆ ಕೂತು ಬೆಳಗಿನಿಂದ ಸಂಜೆಯವರೆಗೆ ಅಂಟಿಸುತ್ತಿದ್ದರು. ಕೈಗೆ ಮೆತ್ತಿದ ಅಂಟನ್ನು ಅದೇ ಸುಲೋಚನದಲ್ಲಿ ತೊಳೆಯುತ್ತಿದ್ದರು. ಕೈ ಎಷ್ಟು ಸ್ವಚ್ಛವಾಗುತ್ತಿತ್ತೆಂದರೆ ಸಾಬೂನೇ ಬೇಡ. ತಂಪಾಗಿಯೂ ಇರುತ್ತಿತ್ತು.

ಒಂದು ದಿನ ಕಾಕಾ ಪೇಟೆಗೆ ಹೋದವನು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದ. ಕಾಕು ಬಿದ್ದು ಬಿದ್ದು ನಕ್ಕಳು. "ನೋಡ್ರೆವ್ವಾ, ಊರಿಗೆಲ್ಲಾ ಚಪ್ಪಲಿ ಮಾಡಾವ ತನ್ನದ ಕಳಕೊಂಡ ಬಂದಾನ!" ಕಾಕಾ ತಬ್ಬಿಬ್ಬಾಗಿ ಕೆಳಗೆ ನೋಡಿಕೊಂಡ. ಚಪ್ಪಲಿ ಎಲ್ಲಿ ಜಾರಿತು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಆಗ ಕಾಕು ಬಾಗಿಲಿನಿಂದ ಒಲೆಯವರೆಗೆ ನೆಲದ ಮೇಲೆ ಮೂಡಿದ ಕೆಂಪು ಹೆಜ್ಜೆಗಳನ್ನು ಕಂಡಳು. ಅಂಗಾಲಿನಲ್ಲಿ ಗಾಜಿನ ಚೂರು ಹೊಕ್ಕಿತ್ತು. ಅಷ್ಟು ದೂರ ಅದರ ಮೇಲೆಯೇ ನಡೆದು ಬಂದಿದ್ದ, ನಗುತ್ತಲೂ ಇದ್ದ.

ಅವಳೇ ನನ್ನನ್ನು ಕರೆಯಲು ಬಂದಳು. ನಂಬಿ ಕರೆದಳು. ನನಗೆ ಇವತ್ತಿಗೂ ಚುಚ್ಚುವುದು ಅದೇ.

ಪುಕ್ಕದ ಪರೀಕ್ಷೆ ಮುಗಿಸಿ ಕಾಕಾನ ಕೈಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಮುಂಗೈಮೇಲೆ ಅಲ್ಲಲ್ಲಿ ಬಿಳಿಚಿದ ಒಣ ಚರ್ಮ. ಮಚ್ಚೆ ಅಂದುಕೊಂಡೆ. ಸ್ಪರ್ಶವಿಲ್ಲ, ಮಚ್ಚೆ ಇದೆ. ಅನುಮಾನವಿದ್ದರೆ ದೊಡ್ಡ ಡಾಕ್ಟರಿಗೆ ತೋರಿಸಿ ಅಂತ ನಮಗೆ ಕಲಿಸಿದ್ದರು. ನನಗೆ ಅನುಮಾನವೇ ಬರಲಿಲ್ಲ. ರಜಿಸ್ಟರು ಬಿಚ್ಚಿ ಕಾಕಾನ ಹೆಸರು ಬರೆದೆ. ಹಾಗೆಯೇ ಬಾಗಿಲಲ್ಲಿದ್ದ ಹುಡುಗನನ್ನೂ ಕೂರಿಸಿ ನೋಡಿದೆ. ಅವನಿಗೂ ಗಿಣ್ಣಿನ ಕೆಳಗೆ ಪುಕ್ಕ ತಿಳಿಯಲಿಲ್ಲ. ಸೂಜಿ ಊರಿದೆ. ರಕ್ತದ ಹನಿ ಮೂಡಿತು, ಅವನು ಅದನ್ನು ಬೇರೆ ಯಾರದೋ ಕಾಲು ನೋಡಿದ ಹಾಗೆ ನೋಡಿದ.

"ನನಗೂ ಅದ ಏನ್ರಿ?" ಅಂದ.

ಔಷಧವಿದೆ, ಹೆದರಬೇಡ, ಗುಣವಾಗುತ್ತದೆ ಅಂದೆ. ಅವನ ಹೆಸರನ್ನೂ ಬರೆದೆ. ಅವನು ನನ್ನ ಮಾತನ್ನು ಕೇಳುತ್ತಿರಲಿಲ್ಲ, ನನ್ನ ಪೆನ್ನನ್ನು ನೋಡುತ್ತಿದ್ದ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅವನು ಊರು ಬಿಟ್ಟ. ಯಾವ ಬಸ್ಸು, ಯಾವ ಕಡೆ, ಯಾರಿಗೂ ಗೊತ್ತಾಗಲಿಲ್ಲ.

ನಾನು ಯಾರ ಮುಂದೂ ಬಾಯಿ ಬಿಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಒಂದು ಮನೆಯಲ್ಲಿ ಹೆಸರು ಬರೆದ ಮೇಲೆ ಸುತ್ತಲ ಮನೆಗಳನ್ನೂ ಪರೀಕ್ಷಿಸಬೇಕು ಅನ್ನುವುದು ನಮ್ಮ ಪದ್ಧತಿ. ನಾನು ಪುಕ್ಕ ಹಿಡಿದು ಅಕ್ಕಪಕ್ಕದ ಬಾಗಿಲು ಬಡಿದೆ. ಮತ್ತೇನು ಹೇಳಬೇಕಿತ್ತು? ಮೂರನೆಯ ಬೆಳಿಗ್ಗೆ ಹೋದಾಗ ಕಾಕುವಿನ ಬಾಗಿಲ ಮುಂದೆ ಚಪ್ಪಲಿಗಳ ಗುಡ್ಡೆ ಬಿದ್ದಿತ್ತು. ಕಾಕಾ ಮಾಡಿದ ಚಪ್ಪಲಿಗಳು. ಕೊಂಡವರೇ ತಂದು ಎಸೆದು ಹೋಗಿದ್ದರು. ಕೆಲವನ್ನು ಕೊಡಲಿಯಿಂದ ಕಡಿದಿದ್ದರು. ಮೋರಖಂಡಿಯ ಒಬ್ಬರು ತಮ್ಮ ಮಗುವಿನ ಚಪ್ಪಲಿ ಸುಟ್ಟು, ಸುಟ್ಟದ್ದನ್ನು ತಂದಿಟ್ಟಿದ್ದರು.

ಕಾಕು ಗುಡ್ಡೆಯ ಮುಂದೆ ಕೂತು ಒಂದೊಂದೇ ಎತ್ತಿ ಸಾಲಾಗಿ ಇಡುತ್ತಿದ್ದಳು. ಅಳು ಇಲ್ಲ. ಕಡಿದದ್ದನ್ನೂ ಕೂಡಿಸಿ ಇಟ್ಟು, "ಎಲ್ಲಾ ಜೋಡ ಅವ ನೋಡ್ರಿ," ಅಂದಳು. "ಒಂದಾರ ಹೊಲಿಗಿ ಬಿಟ್ಟಿದ್ರ ಹೇಳ್ರಿ."

ಕಾಕಾ ಒಳಗಿದ್ದ. ನಾನು ಕೊಟ್ಟ ಬಿಳಿ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದ.

ಎಂಟು ಹತ್ತು ದಿನ ನಾನು ಆ ಓಣಿಗೆ ಹೋಗಲಿಲ್ಲ. ಕೆಲಸದ ನೆಪ ಹೇಳಿಕೊಂಡು ಬೇರೆ ಊರು ತಿರುಗಿದೆ. ಒಂದು ಮಧ್ಯಾಹ್ನ ನನ್ನ ಬಾಡಿಗೆ ಖೋಲಿಯ ಬಾಗಿಲಲ್ಲಿ ಕಾಕು ನಿಂತಿದ್ದಳು. ಬೆವರಿದ್ದಳು. ನೀರು ಕೊಡಲು ಹೋದರೆ ಬೇಡವೆಂದಳು. ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಎರಡೂ ಕೈ ಚಾಚಿದಳು.

"ನನ್ನೂ ನೋಡ್ರಿ."

ಪುಕ್ಕ ತೆಗೆದು ಮುಟ್ಟಿದೆ. "ಇಲ್ಲಿ," ಅಂದಳು. ಮುಟ್ಟಿದೆ. "ಇಲ್ಲಿ." ಅಂಗಾಲು ಮುಟ್ಟಿದ ಕೂಡಲೇ ಕಾಲೆಳೆದುಕೊಂಡಳು. "ಸಾಕ್ರಿ, ಗುಳುಗುಳು ಆಗ್ತದ." ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. "ಈಗ ಹೇಳ್ರಿ. ಇಪ್ಪತ್ತು ವರ್ಷಾತು, ಅವರ ತಾಟಿನ್ಯಾಗ ಉಣ್ಣಾಕಿ ನಾ. ಅವರ ಹಾಸಿಗ್ಯಾಗ ಮಲಗಾಕಿ ನಾ. ನನಗ ಬಂದಿಲ್ಲ. ನನ್ನ ತಮ್ಮ ಬಂದು ಎರಡು ವರ್ಷಾತು. ಬ್ಯಾರೆ ತಾಟು, ಬ್ಯಾರೆ ಹಾಸಿಗಿ. ಅವಗ ಬಂದದ. ಜೋಡ ಹಚ್ಚಿ ನೋಡ್ರಿ ಸಾಹೇಬ್ರ. ಅವರಿಬ್ಬರಿಗೂ ಇದ್ದದ್ದು ನನಗಿಲ್ಲದ್ದು ಯಾವುದು?"

ನಾನು ಪುಕ್ಕವನ್ನು ಚೀಲಕ್ಕೆ ಹಾಕಿದೆ.

"ಖೋಲಿ," ಅಂದಳು ಕಾಕು. "ನಾ ಗಿಡದ ಬುಡಕ ಕುಂದರ್ತೀನಿ. ಅವರಿಬ್ಬರೂ ಖೋಲ್ಯಾಗ ಕುಂದರ್ತಾರ. ರೋಗ ಮನುಷ್ಯಾರದಲ್ರಿ. ರೋಗ ಖೋಲೀದು."

ನನಗೆ ಸಿಟ್ಟು ಬಂತು. ಎರಡು ವರ್ಷ ಕಲಿತ ನನ್ನೆದುರು ಅಕ್ಷರ ಬಾರದ ಹೆಂಗಸು. "ನೀವೇನು ಡಾಕ್ಟರ್ ಆದಿರೇನ್ರಿ ಕಾಕು?" ಅಂದುಬಿಟ್ಟೆ.

"ಇಲ್ರಿ. ನಾ ಹೊಲಿಯಾಕಿ. ಎರಡು ಚಪ್ಪಲಿ ಒಂದ ಕಡೆ ಸವದಿದ್ರ, ನಡದ ದಾರಿ ಒಂದ ಅಂತ ಗೊತ್ತಾಗ್ತದ ನನಗ." ಎದ್ದು ಸೆರಗು ಸರಿಮಾಡಿಕೊಂಡಳು. "ಹುಮನಾಬಾದಕ ದೊಡ್ಡ ಡಾಕ್ಟರ್ ಇದ್ದಾರಂತ. ನಾಳಿಗೆ ಹೋಗೂಣು. ನೀವು ಬಂದ್ರ ಛಲೋ ಆತು. ಬರದಿದ್ರ ನಾ ಒಬ್ಬಾಕೇ ಹೋಗ್ತೀನಿ, ಹೋಗಿ ನಿಮ್ಮ ಹೆಸರ ಹೇಳ್ತೀನಿ."

ಹೋದೆವು. ಕಾಕಾನಿಗೆ ಆಗ ಪಾದ ಎತ್ತಿ ಇಡುವುದೇ ಕಷ್ಟವಾಗಿತ್ತು, ಹೆಜ್ಜೆಹೆಜ್ಜೆಗೂ ಪಾದ ನೆಲಕ್ಕೆ ಪಟಕ್ಕನೆ ಬಡಿಯುತ್ತಿತ್ತು. ಕಾಕು ಒಂದು ಸಣ್ಣ ಡಬ್ಬಿಯಲ್ಲಿ ಸುಲೋಚನ ತುಂಬಿ, ಬಾಯಿ ಬಿಗಿದು ಒದ್ದೆ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಬಸ್ಸಿನ ಕಂಡಕ್ಟರ್ ಮೂಗೇರಿಸಿದ.

"ಏನಬೇ ಅದು, ಪೆಟ್ರೋಲೇನು? ಇಳೀರಿ, ಇಳೀರಿ!"

"ಪೆಟ್ರೋಲ ಅಲ್ಲಪಾ, ನನ್ನ ಸವತಿ. ಆಕಿಗೂ ಟಿಕೇಟ್ ಹರೀತೀ ಏನು ಹೇಳು."

ಬಸ್ಸು ತುಂಬ ನಗು. ಕಾಕಾನೂ ನಕ್ಕ, ಎಷ್ಟೋ ದಿನದ ಮೇಲೆ. ಕಂಡಕ್ಟರ್ ಕೈಮುಗಿದು ಬಾಗಿಲ ಹತ್ತಿರದ ಸೀಟು ಕೊಟ್ಟ. ಯಾರೂ ಬೀಡಿ ಹಚ್ಚದಂತೆ ಕಾಕು ಹುಮನಾಬಾದಿನವರೆಗೂ ಕಾವಲು ಕೂತಳು.

ಹುಮನಾಬಾದಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಕಾಕಾನ ಮೊಣಕೈಯ ಹಿಂದೆ ಬೆರಳಿಟ್ಟು ನರ ಹುಡುಕಿದರು. ಊದಿರಲಿಲ್ಲ. ಸಣ್ಣ ಸುತ್ತಿಗೆಯಿಂದ ಹಿಮ್ಮಡಿಯ ಮೇಲೆ ತಟ್ಟಿದರು. ಎರಡೂ ಪಾದ ಅಲುಗಲಿಲ್ಲ. ಆಮೇಲೆ ನನ್ನ ಪುಕ್ಕವನ್ನೇ ಇಸಿದುಕೊಂಡು ಸ್ಪರ್ಶ ತಿಳಿಯುವ ಜಾಗ ಎಲ್ಲಿ ಶುರುವಾಗುತ್ತದೆಂದು ಎರಡೂ ಕಾಲಿಗೆ ಶಾಯಿಯಿಂದ ಗೆರೆ ಎಳೆದರು. ಗೆರೆಗಳು ಒಂದೇ ಎತ್ತರದಲ್ಲಿದ್ದವು. ಕಾಲುಚೀಲ ಹಾಕಿ ತೆಗೆದಂತೆ.

"ಏನ್ರಿ, ಆ ರೋಗ ಹಿಂಗ ಟೇಪ ಹಿಡದು ಎರಡೂ ಕಾಲಿಗೆ ಸಮಾ ಬರ್ತದೇನ್ರಿ?" ಅಂತ ನನ್ನನ್ನು ಕೇಳಿದರು. ಮುಂಗೈಯ ಬಿಳಿಪು ತೋರಿಸಿ, "ಇದು ಮಚ್ಚಿ ಅಂತ ನಿಮಗ ಯಾರು ಹೇಳ್ಯಾರ?"

ಅವರು ಕಾಕುವಿನ ಡಬ್ಬಿ ತೆರೆದು ಒಂದು ಹತ್ತಿಯ ಉಂಡೆ ಅದ್ದಿ, ನನ್ನ ಮುಂಗೈ ಹಿಡಿದು ಗಸಗಸ ತಿಕ್ಕಿದರು. ಮಂಜುಗಡ್ಡೆ ಇಟ್ಟಂತೆ ತಣ್ಣಗಾಯಿತು. ಮರುಗಳಿಗೆ ಒಣಗಿತು. ಇನ್ನೆರಡು ಸಲ ತಿಕ್ಕಿದರು. ನೋಡಿಕೊಂಡೆ. ನನ್ನ ಮುಂಗೈಮೇಲೆ ಬಿಳಿಚಿದ ಒಣ ಚರ್ಮ. ಕಾಕಾನ ಕೈಮೇಲೆ ನಾನು ಕಂಡದ್ದು, ಕಂಡು ಬರೆದದ್ದು.

ಕಾಕಾನ ಕೈ ಪಕ್ಕ ನನ್ನ ಕೈ ಇಟ್ಟು ಜೋಡಿ ನೋಡಿದೆ.

"ಚರ್ಮದಾಗಿನ ಎಣ್ಣಿ ಎಳಕೊಂಡು ಹೋತು," ಅಂದರು ಡಾಕ್ಟರು. "ಇದರ ಕೆಲಸಾನ ಅದು." ಕಾಕುವಿನ ಕಡೆ ತಿರುಗಿ, "ಇದು ಹಾರಿ ಎಲ್ಲಿ ಹೋಗ್ತದವಾ?"

"ಮ್ಯಾಲ ಹೋಗ್ತದ್ರಿ. ಹೊಗಿ ಹೋದಂಗ."

"ಇಲ್ಲ. ಗಾಳಿಗಿಂತ ಇದರ ಆವಿ ಮೂರು ಪಟ್ಟು ಭಾರ. ಕೆಳಗ ಇಳೀತದ, ನೆಲಾ ಹಿಡದು ಕುಂದರ್ತದ. ನಿಮ್ಮವರು ಎಲ್ಲಿ ಕುಂದರ್ತಾರ?"

ಕಾಕುವಿನ ಕೈ ಬಾಯಿಗೆ ಹೋಯಿತು. ಬಾಗಿಲು ಹಾಕಿಕೋ ಅಂದವಳು ತಾನೇ ಅನ್ನುವುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆದಿತ್ತು.

ಅದರ ಖರೇ ಹೆಸರು ಹೆಕ್ಸೇನ್ ಅಂತ ಡಾಕ್ಟರೇ ಹೇಳಿದರು. ಪೆಟ್ರೋಲಿನ ಒಡಹುಟ್ಟು. ನಮ್ಮ ಚಹಾ ಕುದಿಯುವುದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಕುದಿದು ಹೋಗುತ್ತದೆ. ಎಣ್ಣೆ, ಜಿಡ್ಡು, ರಬ್ಬರು, ಏನು ಕೊಟ್ಟರೂ ಕರಗಿಸಿಕೊಳ್ಳುತ್ತದೆ, ಆಮೇಲೆ ತಾನು ಇದ್ದ ಗುರುತೂ ಬಿಡದೆ ಹಾರಿಹೋಗುತ್ತದೆ. ದೊಡ್ಡ ಎಣ್ಣೆ ಕಾರ್ಖಾನೆಗಳಲ್ಲಿ ಗಾಣಕ್ಕೆ ಬಗ್ಗದೆ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಇದರಿಂದಲೇ ತೆಗೆಯುತ್ತಾರೆ. ನಾವು ಉಣ್ಣುವ ಎಣ್ಣೆ ಅದರಲ್ಲಿ ಮಿಂದೇ ಬರುತ್ತದೆ, ಮತ್ತೆ ಕಾಯಿಸಿ ಅದನ್ನು ಹಾರಿಸುತ್ತಾರೆ. ಛಾಪಖಾನೆಯಲ್ಲಿ ಶಾಯಿ ಒರೆಸಲು, ಯಂತ್ರದ ಜಿಡ್ಡು ತೊಳೆಯಲು, ಬೂಟು ಚಪ್ಪಲಿಯ ಅಂಟಿಗೆ. ಅಲ್ಲೆಲ್ಲ ಬಾಗಿಲು ತೆರೆದಿರಬೇಕು. ತಿಂಗಳುಗಟ್ಟಲೆ ಅದನ್ನೇ ಉಸಿರಾಡಿದರೆ ನರ ಸೊರಗುತ್ತವೆ, ಮೊದಲು ಎಲ್ಲಕ್ಕಿಂತ ಉದ್ದದ ನರ, ಅಂದರೆ ಪಾದದ್ದು. ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ. ಬಿಟ್ಟರೆ ನಿಧಾನವಾಗಿ ಸರಿಹೋಗುತ್ತದೆ. "ಬಿಟ್ಟ ಮ್ಯಾಲೂ ಒಂದೆರಡು ತಿಂಗಳ ಹೆಚ್ಚಾಗ್ತದ, ಹೆದರಬ್ಯಾಡ್ರಿ," ಅಂದರು. ಕಿವಿಯ ಚರ್ಮ ಕೆರೆದು ಗಾಜಿಗೆ ಹಚ್ಚಿ ನೋಡಿದರು. ಅದರಲ್ಲೂ ಆ ರೋಗದ ಸುಳಿವಿರಲಿಲ್ಲ.

ವಾಪಸು ಬಂದು ದೊಡ್ಡ ಡಬ್ಬವನ್ನು ತಿರುಗಿಸಿ ನೋಡಿದೆ. ಅಡಿಯ ಅಂಚಿನಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ: ಗಾಳಿ ಆಡುವ ಜಾಗದಲ್ಲಿ ಮಾತ್ರ ಬಳಸಿ. ಎಷ್ಟೋ ಸಲ ಆ ಡಬ್ಬದ ಮೇಲೆ ಚಹಾದ ಲೋಟ ಇಟ್ಟು ಕುಡಿದವನು ನಾನು. ಇಂಗ್ಲಿಷ್ ಓದಬಲ್ಲವನು ಆ ಅಂಗಳಕ್ಕೆ ಬರುತ್ತಿದ್ದದ್ದು ನಾನೊಬ್ಬನೇ.

ಆ ಸಂಜೆ ಕಾಕು ಕಿಟಕಿಯ ತಗಡು ಕಿತ್ತಳು. ಅಷ್ಟಕ್ಕೆ ನಿಲ್ಲಲಿಲ್ಲ. ಹಾರೆ ತಂದು ಗೋಡೆಯ ಬುಡಕ್ಕೆ, ನೆಲಕ್ಕೆ ಹತ್ತಿ, ಒಂದು ಕಿಂಡಿ ಹೊಡೆದಳು. "ಆಕಿ ಕೆಳಗ ಕುಂದರಾಕಿ. ಆಕಿಗೆ ಮ್ಯಾಲಿನ ಕಿಟಕಿ ಏನ ಉಪಯೋಗ?" ಅನ್ನುತ್ತ ಮಣ್ಣು ಎಳೆದುಹಾಕಿದಳು. ಕಾಕಾ ಮುಂದೆಂದೂ ಆ ಖೋಲಿಯಲ್ಲಿ ಕೂಡಲಿಲ್ಲ. ಬೇವಿನ ಮರದ ಕೆಳಗೆ ಹೆಂಡತಿಯ ಪಕ್ಕ ಕೂತು ಹೊಲಿಗೆಗೇ ಮರಳಿದ. ಡಾಕ್ಟರು ಹೇಳಿದಂತೆ ಎರಡು ತಿಂಗಳು ಕಾಲು ಇನ್ನಷ್ಟು ಸೋತುಹೋಯಿತು. ಓಣಿಯವರು, ನೋಡಿದಿರಾ, ಅದೇ ರೋಗ, ಅಂದರು. ಮೂರನೆಯ ತಿಂಗಳಿಂದ ಒಂದೊಂದು ಬೆರಳು ಎಚ್ಚರವಾಗತೊಡಗಿತು.

ನಾನು ಡಾಕ್ಟರರ ಚೀಟಿ ತೋರಿಸಿ, ಇಬ್ಬರೂ ಒಂದೇ ಖೋಲಿಯಲ್ಲಿ ಕೂತವರೆಂದು ವಿವರಿಸಿ, ರಜಿಸ್ಟರಿನಲ್ಲಿ ಎರಡೂ ಹೆಸರು ಹೊಡೆದುಹಾಕಿಸಿದೆ. ಮೇಲಿನವರಿಂದ ಬೈಸಿಕೊಂಡೆ. ಹೊಡೆದುಹಾಕಿದ ಪುಟವನ್ನು ಹಿಡಿದು ಕಾಕುವಿನ ಮುಂದೆ ನಿಂತೆ. ಅವಳು ಅದರ ಕಡೆ ನೋಡಲೇ ಇಲ್ಲ.

"ನೀ ಬರದಿ," ಅಂದಳು. ಮೊದಲ ಸಲ ನನ್ನನ್ನು ನೀ ಅಂದದ್ದು. "ಆದ್ರ ಮಂದಿ ಓದಿಲ್ಲ. ಮಂದಿ ಕೇಳ್ಯಾರ. ಬರದದ್ದು ಅಳಿಸಿದ್ರ ಕೇಳಿದ್ದು ಅಳಸ್ತದೇನು? ಯಾವ್ಯಾವ ಬಾಗಲಕ ಪುಕ್ಕ ಹಿಡದು ಹೋಗಿದ್ದೆಲ್ಲಾ, ಅವೇ ಬಾಗಲಕ ಹೋಗಿ ಬಾಯಿಲೆ ಹೇಳು."

ಸಾಹೇಬನಾಗಿ ಓಡಾಡಿದ ಊರು. ಆದರೂ ಹೋದೆ. ಒಂದೊಂದೇ ಬಾಗಿಲು. "ನಾ ತಪ್ಪು ಬರದಿದ್ದೆ ಅವ್ವಾ. ಅವರಿಗೆ ಆ ರೋಗ ಇಲ್ಲ, ಇದ್ದಿದ್ದೂ ಇಲ್ಲ. ಅಂಟಿನ ವಾಸನಿಯಿಂದ ಆಗಿದ್ದು." ಕೆಲವರು ನಕ್ಕರು. ಒಬ್ಬ ಮುದುಕಿ, "ನಿನ್ನ ಸೂಜಿ ನಿನಗ ಚುಚ್ಚಿಕೋಪಾ," ಅಂದಳು. ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ಕಾಕಾ ಹೊಲಿದ ಹೊಸ ಚಪ್ಪಲಿ ಹಾಕಿಕೊಂಡು ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಬೇಕೆಂದೇ ತಿರುಗಿದೆ. ವರ್ಷದೊಳಗೆ ಅರ್ಧ ಗಿರಾಕಿ ತಿರುಗಿ ಬಂದರು. ಆ ಅರ್ಧವೂ ಬಂದದ್ದು ಕಾಕಾ ತನ್ನ ಕಾಲಲ್ಲಿ ಪೇಟೆಗೆ ನಡೆದು ಹೋದ ಮೇಲೆ.

ಒಬ್ಬನಿಗೆ ಮಾತ್ರ ಹೇಳಲಾಗಲಿಲ್ಲ. ಕಾಕುವಿನ ತಮ್ಮನಿಗೆ. ಅವಳು ಜತೆಗೊಬ್ಬರನ್ನು ಕರೆದುಕೊಂಡು ಚಿಟಗುಪ್ಪ, ಬೀದರ, ಲಾತೂರು ಅಂತ ತಿರುಗಿದಳು. ಬಸ್ ನಿಲ್ದಾಣಗಳಲ್ಲಿ ಗಂಡಸರ ಮುಖ ನೋಡುತ್ತಿರಲಿಲ್ಲ, ನಡಿಗೆ ನೋಡುತ್ತಿದ್ದಳು. "ಕಾಲ ಬಡದು ನಡಿಯಾವ ಕಾಣ್ತಾನೇನಂತ ನೋಡ್ತೀನ್ರಿ," ಅಂದಿದ್ದಳು ಒಮ್ಮೆ. ಆಮೇಲೆ ಅವನ ಮಾತೇ ತೆಗೆಯುವುದನ್ನು ಬಿಟ್ಟಳು.

ಹನ್ನೊಂದು ವರ್ಷ ಕಳೆಯಿತು. ಎಂಬತ್ತರ ದಶಕ ಶುರುವಾಗಿ, ನನಗೆ ಹುಮನಾಬಾದಿಗೆ ವರ್ಗವಾಗಿತ್ತು. ತರಬೇತಿಗೆಂದು ನಮ್ಮನ್ನು ಗಡಿಯಾಚೆ, ಮಹಾರಾಷ್ಟ್ರದ ಒಂದು ಕುಷ್ಠರೋಗಿಗಳ ವಸತಿಗೆ ಕರೆದೊಯ್ದರು. ಅಲ್ಲಿ ಸ್ಪರ್ಶವಿಲ್ಲದ ಪಾದಗಳಿಗೆ ಮೆತ್ತನೆಯ ಚಪ್ಪಲಿ ಮಾಡುವ ಒಂದು ಚಪ್ಪರವಿತ್ತು. ನಾಲ್ಕೂ ಕಡೆ ತೆರೆದ ಚಪ್ಪರ. ಒಬ್ಬ ಗಟ್ಟಿಮುಟ್ಟಾದ ಆಳು ಬಗ್ಗಿ ತಳ ಹೊಲಿಯುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದವನು ನೋಡುತ್ತಲೇ ಉಳಿದ.

"ಸೂಜಿ ಸಾಹೇಬ್ರಲ್ಲೇನ್ರಿ?"

ಕಾಕುವಿನ ತಮ್ಮ. ಎದ್ದು ಬಂದ. ಸರಿಯಾಗಿ, ನೆಟ್ಟಗೆ ನಡೆದು ಬಂದ. "ಗುಳಿಗಿ ತೊಗೊಂಡ ಆರಾಮ ಆದೆ ನೋಡ್ರಿ. ನೀವು ಹೇಳಿದ್ದು ಖರೇ ಆತು," ಅಂದ. ಕೃತಜ್ಞತೆಯಿಂದ ಅಂದ. ಅವನನ್ನು ಅಲ್ಲೇ ಕಟ್ಟೆಯ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಖೋಲಿ, ಸುಲೋಚನ, ಹುಮನಾಬಾದಿನ ಡಾಕ್ಟರು, ನಾನು ಬರೆದ ಹೆಸರು.

ಅವನು ತನ್ನ ಕೈಬೆರಳುಗಳನ್ನು ಒಂದೊಂದಾಗಿ ಮಡಿಚಿ ಬಿಚ್ಚಿ ನೋಡಿಕೊಂಡ. "ಹಂಗಾದ್ರ ನನಗ ಆ ರೋಗ ಬಂದ ಇದ್ದಿಲ್ಲೇನ್ರಿ?"

"ಇಲ್ಲಪಾ."

"ಹನ್ನೊಂದು ವರ್ಷ," ಅಂದ. ಬೆರಳು ಮಡಿಚುವುದನ್ನು ನಿಲ್ಲಿಸಿ, "ಯಾರು ಕಂಡ ಹಿಡದ್ರು?" ಅಂದ.

"ನಿಮ್ಮಕ್ಕ."

ಅವನು ಅತ್ತದ್ದು ಆಗ. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಎರಡು ಲೋಟ ಚಹಾ ತಂದಳು. ಬೆರಳುಗಳು ಒಳಕ್ಕೆ ಮುದುಡಿದ್ದವು, ಲೋಟಗಳನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದ ತಟ್ಟೆಯಲ್ಲಿಟ್ಟು ತಂದಿದ್ದಳು. ಅವನು ಬೇಗ ಮುಖ ಒರೆಸಿಕೊಂಡ. ಅವಳು ಆಚೆ ಹೋದ ಮೇಲೆ ನನ್ನ ಕೈ ಹಿಡಿದ. "ನಮ್ಮಾಕಿ ಇಕಿ. ಇಲ್ಲೇ ಲಗ್ನಾದ್ವಿ. ಈ ಮಾತು ಆಕಿಗೆ ಹೇಳಬ್ಯಾಡ್ರಿ. ನಾ ಬಿಟ್ಟ ಹೋಗ್ತೀನಿ ಅಂತ ತಿಳಕೋತಾಳ."

ಕಲ್ಯಾಣಕ್ಕೆ ಹೋಗಿ ಕಾಕುವಿಗೆ ಹೇಳಿದೆ. ಅವಳು ಹೊಲಿಯುತ್ತಿದ್ದ ಚಪ್ಪಲಿಯನ್ನು ಪೂರ್ತಿ ಹೊಲಿದು, ಗಂಟು ಹಾಕಿ, ದಾರ ಕಡಿದಳು. ಮರುದಿನ ಒಬ್ಬಳೇ ಹೋದಳು. ಹದಿನೈದು ದಿನ ಅಲ್ಲೇ ಇದ್ದು, ತಮ್ಮನ ಹೆಂಡತಿಯ ಕೈಯಡುಗೆ ಉಂಡು ಬಂದಳು. ಬಂದು ನನಗೆ ಹೇಳಿದ್ದು ಇಷ್ಟೇ: "ಆಕಿಗೆ ನಾನ ಹೇಳಿದ್ನಿರಿ, ನನ್ನ ತಮ್ಮಗ ಏನೂ ಇದ್ದಿಲ್ಲ ಅಂತ. ಮುಚ್ಚಿದ ಬಾಗಲದಾಗ ಎಷ್ಟು ದಿನ ಕುಂದರಬೇಕು? ಅವ ಬಿಟ್ಟ ಬರಾವಲ್ಲ, ಆಕಿಗೂ ಈಗ ಗೊತ್ತಾತು."

ನಾನು ಹೊಸ ಊರಿಗೆ ಹೋದಾಗ ಪುಕ್ಕ ತೆಗೆಯುವ ಮೊದಲು, ನೀವೇನು ಕೆಲಸ ಮಾಡುತ್ತೀರಿ, ಎಲ್ಲಿ ಕೂತು ಮಾಡುತ್ತೀರಿ ಅಂತ ಕೇಳುವುದನ್ನು ಕಲಿಸಿದವಳು ಅವಳು. ನಿವೃತ್ತಿಯಾಗುವವರೆಗೆ ಕೇಳಿದೆ. ಹಾಗೆ ಕೇಳಿ ಇನ್ನಿಬ್ಬರ ಹೆಸರು ತಪ್ಪಾಗಿ ಬರೆಯದೆ ಉಳಿಸಿದ್ದೇನೆ, ಅದು ಅವಳ ಲೆಕ್ಕದ್ದು.

ತಮ್ಮನನ್ನು ಕಂಡು ಬಂದ ನಾಲ್ಕೈದು ವರ್ಷದ ಮೇಲೆ, ಒಂದು ಬೇಸಿಗೆಯ ಬೆಳಿಗ್ಗೆ ಕಾಕು ತೀರಿಕೊಂಡಳು. ತಮ್ಮ ಮತ್ತು ಅವನ ಹೆಂಡತಿ ಮಧ್ಯಾಹ್ನದ ಬಸ್ಸಿಗೆ ಬಂದರು. ಮೈ ತೊಳೆಯಲು ಓಣಿಯ ಹೆಂಗಸರು ಸೇರಿದ್ದರು, ನೀರು ಕಾಯ್ದಿತ್ತು. ತಮ್ಮನ ಹೆಂಡತಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಅಂಗಳದ ಅಂಚಿನಲ್ಲೇ ನಿಂತಳು. ಓಣಿಯ ಹೆಂಗಸರಲ್ಲಿ ಹಿರಿಯವಳೊಬ್ಬಳು ತಂಬಿಗೆ ತುಂಬಿ ಅವಳ ಹತ್ತಿರ ನಡೆದಳು.

"ಬಾರವಾ. ಮನಿ ಹೆಣ್ಮಗಳು ನೀ. ಮೊದಲ ನೀರ ನೀ ಹಾಕಬೇಕು," ಅಂದಳು.

ಅವಳು ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು ತಂಬಿಗೆ ಹಿಡಿದಳು.